ನಾಲ್ಕು ಬಟ್ಟಲಿನ ಲೆಕ್ಕ

ನೀರಿನ ಲೋಟ ಎತ್ತಿದರೆ ಅಡಿಯ ತಟ್ಟೆಯೂ ಅಂಟಿಕೊಂಡು ಮೇಲೆದ್ದಿತು, ಒಂದು ಕ್ಷಣ ನೇತಾಡಿ ಟಣ್ಣೆಂದು ಮೇಜಿನ ಮೇಲೆ ಬಿತ್ತು, ಮೇಸ್ತ್ರಿ ಲೋಟವನ್ನು ಪಕ್ಕಕ್ಕಿಟ್ಟ, ಮ್ಯಾನೇಜರು ಪರವಾಗಿಲ್ಲ ಬಿಡಿ ಯಜಮಾನ್ರೇ, ನಿಧಾನವಾಗಿ ಓದಿ ಸೈನ್ ಹಾಕಿ ಅಂದರು — ಓದುವುದಕ್ಕೇನಿದೆ, ಎರಡೇ ಸಾಲು, ಕೆಲಸಗಾರನು ಗಾಜು ಎತ್ತುವ ಯಂತ್ರದ ರಬ್ಬರ್ ಬಟ್ಟಲುಗಳನ್ನು ಅಜಾಗರೂಕತೆಯಿಂದ ಕೂರಿಸಿದ್ದರಿಂದ ಗಾಜು ಜಾರಿ ಅವನ ಸಾವು ಸಂಭವಿಸಿದೆ. ಕೆಲಸಗಾರ. ಅಳಿಯ ಎಂದು ಬರೆಯುವ ಪದ್ಧತಿ ಕಾಗದಕ್ಕಿಲ್ಲ. ಪಕ್ಕದ ಕುರ್ಚಿಯಲ್ಲಿ ಮಗಳು ಕೂತಿದ್ದಾಳೆ, ಇಪ್ಪತ್ತು ದಿನದಲ್ಲಿ ಅರ್ಧ ಆಗಿದ್ದಾಳೆ, ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಆಡಿದಳು, ಅವ್ರು ಅವಸರದ ಮನುಷ್ಯ ಅಲ್ಲಪ್ಪ, ನಿಮಗೇ ಗೊತ್ತಲ್ಲ. ಗೊತ್ತು. ವಿಚಾರಣೆಗೆ ಬಂದವರ ಮುಂದೆ ಹುಡುಗ ಸ್ವಲ್ಪ ಅವಸರ ಮಾಡಿರ್ಬೇಕು ಅಂದದ್ದು ಯಾರ ಬಾಯಿ, ಬೆಳಗೆದ್ದು ದೇವರ ನಾಮ ಹೇಳುವ ಇದೇ ಬಾಯಿ. ದೇವರೂ ಕೇಳಿಸಿಕೊಂಡಿರಬೇಕು.

ಅವಸರ ಮಾಡಲಿಲ್ಲ ಅವನು, ನಾಲ್ಕು ಬಟ್ಟಲಿನ ಅಂಚಿಗೂ ಒದ್ದೆ ಬಟ್ಟೆ ಸವರಿದ್ದ, ಹಾಗೆ ಸವರುವುದನ್ನು ಕಲಿಸಿದ್ದು ಮಾವನಾದ ಮೇಸ್ತ್ರಿಯೇ, ಯಂತ್ರ ಬಟ್ಟಲೊಳಗಿನ ಗಾಳಿ ಹೀರಿ ಗಾಜನ್ನು ಕಚ್ಚುತ್ತದೆ, ಅಂಚು ಒದ್ದೆ ಇದ್ದರೆ ಗಾಳಿ ಸೋರುವುದಿಲ್ಲ, ಇಪ್ಪತ್ತೆರಡು ವರ್ಷ ಗಾಜನ್ನು ಮಲಗಿಸಿಯೇ ಎತ್ತಿದ್ದನಲ್ಲ, ಒಂದು ಸಲವೂ ಕೈಕೊಟ್ಟಿರಲಿಲ್ಲ. ಮಾವ, ನಿಮ್ಮ ಬಟ್ಟಲು ನಿಮ್ಮ ಮಗಳ ಥರಾನೇ, ಒಂದ್ಸಲ ಹಿಡಿದ್ರೆ ಬಿಡೋ ಮಾತೇ ಇಲ್ಲ ಅಂತ ನಗಿಸುತ್ತಿದ್ದ. ಆ ದಿನ ಮಾತ್ರ ಗಾಜನ್ನು ಗೋಡೆಗೆ ನಿಲ್ಲಿಸಬೇಕಿತ್ತು. ನೂರೈವತ್ತು ಕಿಲೋ. ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ರಟ್ಟಿನ ಮೇಲೆ ಗೀಚಿದ, ಬಟ್ಟಲಿನ ಅಗಲ ಆರು ಇಂಚು, ಅದರ ಹರವಿಗೆ ಗಾಳಿಯ ಒತ್ತಡ ಗುಣಿಸಿದರೆ ನೂರೆಂಬತ್ತೆಂಟು ಕಿಲೋ, ನಾಲ್ಕು ಸೇರಿ ಏಳುನೂರೈವತ್ತು, ನೋಡು, ಐದು ಪಟ್ಟು, ಆನೆ ಕಟ್ಟಿದ್ರೂ ನಿಲ್ಲುತ್ತೆ. ಅಳಿಯ ತಲೆ ಕೆರೆದುಕೊಂಡ — ಮಾವ, ನಿಲ್ಲಿಸಿ ಎತ್ತುವಾಗ್ಲೂ ಒದ್ದೆ ಮಾಡ್ಬೇಕಾ, ಜಾರಲ್ವಾ? ನಾಲ್ಕು ಜನ ಇದ್ದರು, ಅದೇ ಕೆಟ್ಟದ್ದು, ನಾಲ್ಕು ಜನರ ಮುಂದೆ ಕೇಳಿದ. ಮೊನ್ನೆ ಬಂದೋನು ನನಗೇ ಪಾಠ ಹೇಳ್ತೀಯೇನೋ, ಸವರು ಅಂದ್ರೆ ಸವರು. ಸವರಿದ. ಗಾಜು ಎದ್ದು ನಿಂತಿತು, ಗಾಳಿಯ ಹಿಡಿತ ತೋರಿಸುವ ಯಂತ್ರದ ಗಡಿಯಾರದಂಥ ಬಿಲ್ಲೆಯಲ್ಲಿ ಮುಳ್ಳು ಹಸಿರಿನಲ್ಲಿ ನಿಂತಿತ್ತು, ಗಾಳಿ ಎಳ್ಳಷ್ಟೂ ಸೋರಲಿಲ್ಲ, ಗಾಜು ಮಾತ್ರ ಬಟ್ಟಲುಗಳ ಅಡಿಯಿಂದ ಸದ್ದಿಲ್ಲದೆ ಕೆಳಗೆ ನಿಂತ ಅಳಿಯನತ್ತ ಇಳಿಯುತ್ತಿದೆ, ಒಂದು ಬೆರಳು, ಒಂದು ಗೇಣು, ಮುಳ್ಳು ಹಸಿರಿನಲ್ಲೇ, ಮೇಸ್ತ್ರಿ ನೋಡುತ್ತಿದ್ದದ್ದು ಗಾಜನ್ನಲ್ಲ, ಆ ಮುಳ್ಳನ್ನು.

ಯಜಮಾನ್ರೇ, ಪೆನ್ನು ಬೇಕಾ? ಬೇಡ, ಪೆನ್ಸಿಲ್ ಇದೆ. ಕಾಗದ ಮಗುಚಿ ಹಾಕಿದ, ಬರೆದ, ಏಳುನೂರೈವತ್ತು, ಅದು ಮಲಗಿದ ಗಾಜಿಗೆ, ನಿಂತ ಗಾಜನ್ನು ಹಿಡಿಯುವುದು ಗಾಜಿಗೂ ರಬ್ಬರಿಗೂ ನಡುವಿನ ಘರ್ಷಣೆ, ಒಣಗಿದ್ದರೆ ಏಳುನೂರೈವತ್ತರ ಅರ್ಧ ಸಿಕ್ಕುತ್ತದೆ, ಒದ್ದೆಯಾದರೆ ಹತ್ತರಲ್ಲೊಂದು ಪಾಲು, ಎಪ್ಪತ್ತೈದು — ಅದರ ಕೆಳಗೆ ಗಾಜಿನ ತೂಕ, ನೂರೈವತ್ತು. ಮೂರನೆಯ ದಿನವೇ ಈ ಲೆಕ್ಕ ಸಿಕ್ಕಿತ್ತು, ಹದಿನೇಳು ದಿನ ಎದೆಯಲ್ಲಿಟ್ಟುಕೊಂಡು ಮಗಳ ಕೈಯ ಅನ್ನ ಉಂಡ. ಏನ್ರೀ ಇದು? ತಪ್ಪು ನಂದು ಸ್ವಾಮಿ, ಅವನದಲ್ಲ, ಇದನ್ನೇ ಬರ್ಕೊಳ್ಳಿ, ಸೈನ್ ಹಾಕ್ತೀನಿ. ಮ್ಯಾನೇಜರು ಕನ್ನಡಕ ತೆಗೆದರು, ಈ ವಯಸ್ಸಲ್ಲಿ ಯಾಕ್ರೀ ನಿಮಗೆ, ಹೋದವನು ವಾಪಸ್ ಬರ್ತಾನಾ? ಬರುವುದಿಲ್ಲ. ಮಗಳು ಇತ್ತ ತಿರುಗಿದ್ದಾಳೆ, ಅಂಕಿಗಳನ್ನು ನೋಡುತ್ತಿಲ್ಲ, ಮುಖ ನೋಡುತ್ತಿದ್ದಾಳೆ, ಏನಪ್ಪಾ ಇದು, ಏನ್ ಹೇಳ್ತಿದೀರಿ, ಅವಳಿಗೆ ಹೇಳಬೇಕು, ಮ್ಯಾನೇಜರಿಗೆ ಹೇಳಿದ ಹಾಗಲ್ಲ, ಎಲ್ಲಿಂದ ಶುರು ಮಾಡುವುದು — ಅವನು ಕೇಳಿದ್ದ ಮಗಳೇ, ಜಾರಲ್ವಾ ಅಂತ ನನ್ನ ಕೇಳಿದ್ದ, ನಾನು — ನಾನು ಅವನಿಗೆ — ಕಣ್ಣ ಮುಂದೆ ಅದೇ ಮುಳ್ಳು, ಹಸಿರಿನ ನಟ್ಟನಡುವೆ, ಒಂದಿಷ್ಟೂ ಅಲುಗದೆ, ಮುಳ್ಳು