ತವರ ಕಡಿಮಿ ಮಾಡಿಲ್ರಿ

“‘ನನ್ನ ತವರ ನನಗ ಏನೂ ಕಡಿಮಿ ಮಾಡಿಲ್ರಿ, ಎಲ್ಲಾ ಕೊಟ್ಟೇತ್ರಿ.’ ಇದು ಮೇಲ್ಮನವಿ ಹಾಕಿದವರ ಮಾತೇ ಅಲ್ಲವೇ?”

ಧಾರವಾಡದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳು ಇದನ್ನು ಗಟ್ಟಿಯಾಗಿ ಓದಿದಾಗ, ಹಿಂದಿನ ಬೆಂಚಿನಲ್ಲಿ ಕೂತಿದ್ದ ಸೋಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾತು ಅವಳದೇ. ಹಿಂದೆ ಕೆಳಗಿನ ಕೋರ್ಟಿನ ಕಟಕಟೆಯಲ್ಲಿ ನಿಂತು ತಲೆಯೆತ್ತಿ, ತುಸು ಬಿಂಕದಿಂದಲೇ ಆಡಿದ್ದಳು.

ಸುರೇಬಾನದಲ್ಲಿ ಅಪ್ಪ ಬಿಟ್ಟುಹೋದ ಎರೆಹೊಲದಲ್ಲಿ ಅರ್ಧ ತನ್ನದೆಂದು ತಮ್ಮ ನಿಂಗರಾಜನ ಮೇಲೆ ದಾವೆ ಹೂಡಿದವಳೂ ಅವಳೇ. ಗಂಡ ತೀರಿದ ಮೇಲೆ ರಾಮದುರ್ಗದಲ್ಲಿ ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದವಳಿಗೆ, ಒಂದು ಸಾಲಿನಷ್ಟಾದರೂ ತನ್ನದೆಂಬ ನೆಲದಲ್ಲಿ ಕೂರಬೇಕೆಂಬ ಹಟ ಹುಟ್ಟಿತ್ತು. ಆದರೆ ತಮ್ಮನ ವಕೀಲರು, “ಯಾಕಮ್ಮ, ತವರಿನವರು ನಿಮಗೇನೂ ಕೊಟ್ಟೇ ಇಲ್ಲವೇ?” ಎಂದು ಕೇಳಿದ ದಿನ ಕೋರ್ಟಿನ ತುಂಬ ಸುರೇಬಾನದ ಮಂದಿ ನೆರೆದಿದ್ದರು. ನಮ್ಮ ಕಡೆಯ ಹೆಣ್ಣುಮಗಳು ಹಸಿದು ಮಲಗಿಯಾಳು, ನಾಲ್ಕು ಜನರೆದುರು ತವರನ್ನು ಹಗುರ ಮಾಡಲಾರಳು. ಸೋಮವ್ವನೂ ಮಾಡಲಿಲ್ಲ. ಎಲ್ಲ ಕೊಟ್ಟಿದೆ ಎಂದು ತಾನೇ ಒಪ್ಪಿದ್ದಾಳಲ್ಲ ಎಂದು ಕೆಳಗಿನ ಕೋರ್ಟು ದಾವೆಯನ್ನು ವಜಾ ಮಾಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಹೊಲವೂ ಅದರ ಹಿಂದೆಯೇ ಹೋಯಿತು.

ಮೇಲಿನ ಕೋರ್ಟಿಗೆ ಹೋಗೋಣ ಎಂದವಳು ಮಗಳು ಮೀನಾ. ಧಾರವಾಡದಲ್ಲಿ ಪ್ರಜ್ಞಾ ಎಂಬ ವಕೀಲೆಯನ್ನು ಹುಡುಕಿದವಳೂ ಅವಳೇ.

“ನನ್ನ ಇನ್ನೊಮ್ಮಿ ಕಟಕಟಿಗೆ ಹತ್ತಸ್ರಿ,” ಎಂದಿದ್ದಳು ಸೋಮವ್ವ, ವಕೀಲೆಯ ಕಚೇರಿಯಲ್ಲಿ ಕೂತು. “ಬಿಡಿಸಿ ಹೇಳತೇನಿ.”

“ಮೇಲಿನ ಕೋರ್ಟಿನಾಗ ಸಾಕ್ಷಿ ಮತ್ತ ಕರಿಯೂದಿಲ್ರಿ ಅಕ್ಕಾರ,” ಎಂದಳು ಪ್ರಜ್ಞಾ. “ಅಲ್ಲಿ ಆಡಿದ ಮಾತನ್ನ ಇವರು ಮೊದಲಿನಿಂದ ಓದತಾರ. ಕೆಳಗಿನವರು ತಿಳಕೊಂಡದ್ದು ಸರಿ ಐತೋ ಇಲ್ಲೋ ಅಂತ ತೂಗಿ ನೋಡತಾರ. ಅಷ್ಟ.”

ಮೀನಾಗೆ ತಾಳ್ಮೆ ಕಡಿಮೆ. “ಹಂಗಾದ್ರ ಮಾಮಾ ಹೆದರಿಸಿದ್ದ, ಅದಕ್ಕ ಹಂಗ ಅಂದ್ಲು ಅಂತ ಒಂದು ಅರ್ಜಿ ಹಾಕ್ರಿ.”

“ನಿಂಗ್ಯಾ ಹೆದರಿಸಿಲ್ಲ.” ಸೋಮವ್ವನ ದನಿ ಗಡುಸಾಯಿತು. “ವರ್ಷಾ ವರ್ಷಾ ಪಂಚಮಿಗೆ ಕರಿಲಿಕ್ಕೆ ಬಂದಾನ. ಸೀರಿ ಉಡಿಸ್ಯಾನ. ಹೊಲ ಹೋದ್ರ ಹೋಗ್ಲಿ, ಆ ಸುಳ್ಳ ನಾ ಹೇಳಾಕಿ ಅಲ್ಲ.”

“ಹೊಲಾನೂ ಬೇಕು, ತವರೂ ಬೇಕು ಅಂದ್ರ ಹೆಂಗ ಬೇ?”

“ಎರಡೂ ನಂದ ಐತಿ. ಯಾಕ ಬಿಡ್ಲಿ?”

ಪ್ರಜ್ಞಾ ಪೆನ್ನಿನ ಟೊಪ್ಪಿಗೆ ಮುಚ್ಚಿ, ಸೋಮವ್ವನನ್ನೇ ನೋಡುತ್ತ ನಕ್ಕಳು. ಅರ್ಜಿ ಹಾಕಲಿಲ್ಲ.

ಈಗ ಹೈಕೋರ್ಟಿನಲ್ಲಿ, ‘ಎಲ್ಲಾ ಕೊಟ್ಟೇತ್ರಿ’ ಎಂದ ಆ ಮಾತೇ ಎದುರಿನ ವಕೀಲರ ಕೈಯಲ್ಲಿ ಕತ್ತಿಯಾಗಿತ್ತು. “ಸ್ವತಃ ಒಪ್ಪಿಕೊಂಡ ಮೇಲೆ ಇನ್ನೇನು ಉಳಿಯಿತು, ಸ್ವಾಮಿ?” ಎಂದು ಅವರು ಕೈ ಚೆಲ್ಲಿದರು. ಪ್ರಜ್ಞಾ ಎದ್ದು ಒಂದೇ ವಿನಂತಿ ಮಾಡಿದಳು: ಅಕ್ಕನ ಮಾತಿನ ಜೊತೆ ತಮ್ಮನ ಸಾಕ್ಷಿಯನ್ನೂ ಓದಬೇಕು.

ನ್ಯಾಯಮೂರ್ತಿಗಳು ಹಾಳೆ ತಿರುವಿದರು. ಓದುತ್ತ ಓದುತ್ತ ಅವರ ತುಟಿ ನಗುವಿಗೆ ಸಡಿಲಾಯಿತು.

“ಅಕ್ಕನಿಗೆ ಏನು ಕೊಟ್ಟಿದ್ದೀರಿ ಎಂದು ಕೇಳಿದ್ದಕ್ಕೆ ಪ್ರತಿವಾದಿ ಹೇಳುತ್ತಾರೆ: ‘ಪಂಚಮಿಗೆ ಸೀರಿ, ಕುಬಸ, ಉಂಡಿ ಕೊಟ್ಟೇವ್ರಿ.’ ಹೊಲ ಕೊಟ್ಟಿದ್ದೀರಾ ಎಂದರೆ: ‘ಹೆಣ್ಣಮಗಳಿಗೆ ಹೊಲಾ ಯಾಕ ಕೊಡೂಣ್ರಿ?’”

ಕೋರ್ಟಿನಲ್ಲಿ ನಗೆ ಹರಿಯಿತು. ಗೋಡೆಗೆ ಒರಗಿ ನಿಂತಿದ್ದ ನಿಂಗರಾಜ ನೆಲ ನೋಡಿದ. ಪಾಪ, ಅವನೂ ಸುಳ್ಳು ಹೇಳಿದವನಲ್ಲ.

“ವಕೀಲರೇ, ಇದನ್ನು ಕೆಳಗಿನ ಕೋರ್ಟು ಓದಿದಂತೆ ಕಾಣುವುದಿಲ್ಲ,” ಎಂದರು ನ್ಯಾಯಮೂರ್ತಿಗಳು. “ಈಕೆ ಹಕ್ಕು ಬಿಟ್ಟುಕೊಟ್ಟ ನೋಂದಣಿ ಪತ್ರ ಇದೆಯೇ? ಇಲ್ಲ. ಒಬ್ಬ ಮಗಳು ತವರನ್ನು ಹೊಗಳಿದ್ದಾಳೆ. ಅದು ಅವಳ ದೊಡ್ಡತನ. ಅದನ್ನೇ ಅವಳ ಪಾಲಿಗೆ ಅಡ್ಡಿಯಾಗಿಸಲಾಗದು.”

ಆಮೇಲೆ ಅವರು ಇಂಗ್ಲಿಷಿನಲ್ಲಿ ಆದೇಶ ಬರೆಸತೊಡಗಿದರು. ಸೋಮವ್ವನಿಗೆ ಒಂದಕ್ಷರ ತಿಳಿಯಲಿಲ್ಲ. ಪ್ರಜ್ಞಾ ಹಿಂದಕ್ಕೆ ತಿರುಗಿ ಕಣ್ಣಲ್ಲೇ ನಕ್ಕಾಗ ತಿಳಿಯಿತು.

ಹೊರಗೆ ಬಂದ ಮೇಲೂ ಅವಳಿಗೆ ಒಂದು ಅನುಮಾನ. “ನಾ ಸುಳ್ಳ ಹೇಳೇನಿ ಅಂತ ಬರದಾರೇನ್ರಿ?”

“ಇಲ್ರಿ ಅಕ್ಕಾರ. ನೀವು ಖರೇನ ಹೇಳೀರಿ, ಕೆಳಗಿನವರು ತಪ್ಪ ತಿಳಕೊಂಡಾರ ಅಂತ ಬರದಾರ. ಅರ್ಧಾ ಹೊಲ ನಿಮ್ಮದು.”

ಮೀನಾ ಅಲ್ಲೇ ಮೆಟ್ಟಿಲ ಮೇಲೆ ಅವ್ವನನ್ನು ತಬ್ಬಿ ಅತ್ತುಬಿಟ್ಟಳು. ಸೋಮವ್ವ ಮಾತ್ರ ಅಳಲಿಲ್ಲ. ಅವಳ ಎದೆ ಉಬ್ಬಿ ಬಂದಿತ್ತು. ಗೆದ್ದಿದ್ದಳು. ಅದೂ ಯಾರ ಮಾನವನ್ನೂ ಮಾರದೆ.

ಮರುದಿನ ಅವಳು ಬಸ್ಸು ಹತ್ತಿ ಸುರೇಬಾನಕ್ಕೆ ಹೋದಳು. ಊರೊಳಗೆ ಹೋಗದೆ ನೇರ ಹೊಲಕ್ಕೇ ನಡೆದಳು. ನಿಂಗರಾಜ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ಅವಳನ್ನು ಕಂಡು ನಿಲ್ಲಿಸಿದ. ಇಳಿಯಲೋ ಬೇಡವೋ ಎಂದು ತುಸು ಹೊತ್ತು ಕೂತೇ ಇದ್ದ. ಕೊನೆಗೆ ಇಳಿದು ಬಂದ.

“ಯಾವ ಕಡೀದು ಬೇಕ ಹೇಳಕ್ಕಾ. ಆ ಕಡೀದು ಹೊಡಿಯೂದು ಬಿಡತೇನಿ.”

“ಮೋಜಣಿದಾರ ಬಂದು ಗೆರಿ ಹಾಕ್ಲಿ. ಈಗ ಪೂರಾ ಹೊಡಿ. ಹದಾ ಆರಬಾರದು.”

ಅವನು ಹೋಗಲಿಲ್ಲ. ಕೊರಳಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಮನಿಗಾದ್ರೂ ನಡಿ ಅಕ್ಕಾ. ಬಿಸಲು ಭಾಳ ಐತಿ.”

ಸೋಮವ್ವ ಚಪ್ಪಲಿ ಕಳಚಿ, ಒಡ್ಡಿನ ಮೇಲೆ ಕೂತು, ಆಗಷ್ಟೇ ಮಗುಚಿದ ಮಣ್ಣಿನ ಮೇಲೆ ಎರಡೂ ಕಾಲು ಚಾಚಿದಳು.

“ಇರ್ಲಿ ತಮ್ಮಾ. ಬಿಸಲೂ ನಂದ ಐತಿ.”

ನಿಂಗರಾಜನಿಗೆ ನಗು ತಡೆಯಲಾಗಲಿಲ್ಲ. ತಿರುಗಿ ಹೋಗಿ ಟ್ರ್ಯಾಕ್ಟರ್ ಹತ್ತಿದ. ಕಪ್ಪು ಹೆಂಟೆಗಳು ಮಗುಚಿದಂತೆಲ್ಲ ಬೆಳ್ಳಕ್ಕಿಗಳು ಹಿಂದೆ ಹಿಂದೆ ಹಾರಿ ಬಂದು ಇಳಿದವು. ಅವುಗಳಲ್ಲೊಂದು ಹುಳ ಹೆಕ್ಕುತ್ತ ಹೆಕ್ಕುತ್ತ ಅವಳ ಪಾದದ ಹತ್ತಿರಕ್ಕೇ ಬಂತು. ಅವಳು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.