ಲಾಡಿ ಸಡಿಲಿಸಿದ ಮೇಲೆ

ಶಿಗ್ಗಾಂವಿಯ ದವಾಖಾನೆಗೆ ಹೊರಡುವ ಮುಂಜಾನೆ ಜಯಾ ಉಸಿರು ಒಳಗೆಳೆದುಕೊಂಡು ಸೀರೆಯೊಳಗಿನ ಪರಕಾರದ ಲಾಡಿಯನ್ನು ಬಿಗಿಯಾಗಿ ಕಟ್ಟಿದಳು. ಡಾಕ್ಟರ ಎದುರು ಸ್ವಲ್ಪವಾದರೂ ತೆಳ್ಳಗೆ ಕಾಣಬೇಕಿತ್ತು. ತನಗೆ ಆಸ್ತಮಾ ಎಂದಾಗಲೆಲ್ಲ ಜನ ಮೊದಲು ನೋಡುತ್ತಿದ್ದುದು ಅವಳ ಹೊಟ್ಟೆಯನ್ನು.

ಸವಣೂರಿನ ಗಂಡನ ಮನೆಯಲ್ಲಿ ಮಾರಲು ಖಾರ, ಅಂದರೆ ಕಡಲೆಹಿಟ್ಟಿನ ಸೇವು, ಕರಿಯುವುದು ಅವಳ ಕೆಲಸ. ಹಿತ್ತಲ ಕೋಣೆಯಲ್ಲಿ ನೆಲದ ಒಲೆ, ಅದರ ಮುಂದೊಂದು ಮಣೆ. ಅಲ್ಲಿ ಕುಳಿತಾಗ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಎಣ್ಣೆಯ ಸಪ್ಪಳದಿಂದಲೇ ಹದ ತಿಳಿಯುತ್ತಿತ್ತು. ದಿನದಲ್ಲಿ ಅವಳದೇ ಎನ್ನುವಂಥ ಹೊತ್ತು ಅದೊಂದೇ. ಇತ್ತೀಚೆಗೆ ಒಂದು ಸಲ ಎಣ್ಣೆಗೆ ಬಿಟ್ಟ ಘಾಣ ತೆಗೆಯುವಷ್ಟರಲ್ಲಿ ಏದುಸಿರು. ಇಂದಿನ ಊದುವ ಪರೀಕ್ಷೆಯಲ್ಲಿ ಉಸಿರು ತೀರಾ ಕಡಿಮೆ ಬಂದರೆ ಒಲೆ ಬಿಡಬೇಕೆಂದು ಡಾಕ್ಟರು ಹೇಳಿದ್ದರು. ಅತ್ತೆ ಮುದಕವ್ವ ಆಗಲೇ ಕರಿಯುವ ಕೆಲಸಕ್ಕೆ ಬೇರೊಬ್ಬಳನ್ನು ನೋಡಿಟ್ಟಿದ್ದಳು.

ಪರೀಕ್ಷೆ ಮಾಡುವ ಹುಡುಗಿ ಸುನಿತಾ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟಳು. ಜಯಾ ತೊಡೆಯ ಮೇಲೆ ಬ್ಯಾಗಿಟ್ಟು ಹೊಟ್ಟೆ ಮರೆಮಾಡಿಕೊಂಡು ಬಗ್ಗಿ ಕುಳಿತಳು.

“ಊದ್ರಿ ಅಕ್ಕಾರ, ಊದ್ರಿ, ಬಿಡಬ್ಯಾಡ್ರಿ!”

ಯಂತ್ರದ ಪರದೆಯ ಮೇಲಿನ ಗೆರೆ ತುಸುವೇ ಎದ್ದು ಕುಸಿಯಿತು.

“ನನ್ನ ಜೋಡಿ ಜಗಳಾಡಾಗ ಬೇಕಾದಷ್ಟು ಉಸರು ಬರತೈತಿ,” ಎಂದಳು ಜೊತೆಗೆ ಬಂದಿದ್ದ ಮುದಕವ್ವ.

“ಅಜ್ಜಿ, ಸ್ವಲ್ಪ ಸುಮ್ನ ಕುಂದರ್ರಿ.” ಸುನಿತಾ ಜಯಾಳತ್ತ ತಿರುಗಿದಳು. “ಸೀರಿ ಭಾಳ ಬಿಗಿ ಉಟ್ಟೀರೇನ್ರಿ?”

“ಲಾಡಿ...” ಎಂದು ಜಯಾ ತಲೆ ತಗ್ಗಿಸಿದಳು.

“ಸಡ್ಲ ಮಾಡ್ರಿ. ಬ್ಯಾಗ್ ಅಜ್ಜಿ ಕಡೆ ಕೊಡ್ರಿ. ಈ ಸಲ ನಿಂತು ಊದ್ರಿ. ಬಗ್ಗಿ ಕುಂತ್ರ ಹೊಟ್ಟಿ ಮ್ಯಾಲ ಒತ್ತತೈತಿ, ಉಸರಿಗೆ ಜಾಗಾ ಸಿಗೂದಿಲ್ಲ.”

ಮೂಲೆಯ ಬಟ್ಟೆ ಪರದೆಯ ಹಿಂದೆ ಜಯಾ ಗಂಟು ಬಿಚ್ಚಿದಳು. ಸೊಂಟದ ಸುತ್ತ ಲಾಡಿಯ ಬರೆ ಕೆಂಪಗೆ ಮೂಡಿತ್ತು. ಹೊಟ್ಟೆ ತನ್ನ ಜಾಗಕ್ಕೆ ಇಳಿಯಿತು. ಒಂದು ಕ್ಷಣ ನಾಚಿಕೆಯಾಯಿತು. ಆಮೇಲೆ ಉಸಿರು ಎಂದೂ ಹೋಗದಷ್ಟು ಕೆಳಗೆ ಹೋಯಿತು.

ನಿಂತು ಊದಿದಳು. ಗೆರೆ ಮೊದಲಿಗಿಂತ ಮೇಲೇರಿತು.

ಡಾಕ್ಟರು ಎರಡೂ ಗೆರೆಗಳನ್ನು ನೋಡಿದರು. “ಆಸ್ತಮಾ ಐತಿ, ದಿನಾ ಪಂಪ್ ತಗೋಬೇಕು. ತೂಕಾನೂ ಇಳಸ್ರಿ. ಒಲಿ ಬಿಡೂದು ಬ್ಯಾಡ, ಆದ್ರ ನೆಲದಾಗ ಬಗ್ಗಿ ಕುಂತು ಕರಿಬ್ಯಾಡ್ರಿ. ಘಾಟು ಹೊರಗ ಹೋಗೂವಂಗ ಇರ್ಲಿ.”

ಬಸ್ಸಿನಲ್ಲಿ ಮುದಕವ್ವನಿಗೆ ತಡೆಯಲಾಗಲಿಲ್ಲ. “ನಮ್ಮನ್ಯಾಗ ಯಾವಾಕಿ ನಿಂತು ಖಾರ ಕರದಾಳ? ಹೋಟೆಲ್ ಭಟ್ಟನಂಗ!”

“ಭಟ್ಟಗ ದಮ್ಮು ಹತ್ತೂದಿಲ್ಲ ನೋಡ್ರಿ ಅತ್ತಿ.”

ಕಿಟಕಿಯ ಬಳಿ ಕಟ್ಟೆ ಕಟ್ಟಿಸಿ, ಅದರ ಮೇಲೆ ಗ್ಯಾಸಿನ ಒಲೆ ಇಟ್ಟರು. ಬೆಳಗಿನ ಪಂಪ್ ತೆಗೆದುಕೊಂಡು, ಸೀರೆ ಹಗುರಾಗಿ ಉಟ್ಟು ಜಯಾ ಕಡಾಯಿಯ ಮುಂದೆ ನಿಂತಳು. ಖಾಲಿಯಾದ ಮಣೆಯ ಮೇಲೆ ಮುದಕವ್ವ ಕುಳಿತು, ತಪ್ಪು ಹುಡುಕಲು ಕತ್ತೆತ್ತಿ ನೋಡಿದಳು. ನೋಡುತ್ತಲೇ ಇದ್ದಳು.

“ಏನವಾ, ನೀ ಇಷ್ಟ ಎತ್ತರ ಅದಿಯೇನ?”

ಜಯಾ ನಗುತ್ತ ಎರಡನೆಯ ಘಾಣಕ್ಕೆ ಹಿಟ್ಟು ಒತ್ತಿದಳು.