ಬೇರೆ ಥರದ ಟ್ಯಾಕೋ ಮಸಾಲೆ

ಪ್ಯಾಕೆಟ್ಟಿನ ಟ್ಯಾಕೋ ಮಸಾಲೆಯೆಂದರೆ ಮುಕ್ಕಾಲು ಪಾಲು ಉಪ್ಪು, ಸಕ್ಕರೆ, ಕಾರ್ನ್‌ಫ್ಲೋರ್ ಎಂದು ಎಲ್ಲೋ ಓದಿದ ದಿನವೇ ಕರ್ಸ್ಟನ್ ಮನೆಯಲ್ಲಿದ್ದ ಪ್ಯಾಕೆಟ್ಟುಗಳನ್ನೆಲ್ಲ ಕಸದ ಬುಟ್ಟಿಗೆ ಸುರಿದಳು. ಜೀರಿಗೆ ಹುರಿದಳು, ಒಣಮೆಣಸಿನಕಾಯಿ ಪುಡಿ ಮಾಡಿದಳು, ಬೆಳ್ಳುಳ್ಳಿ ಪುಡಿ ಬೆರೆಸಿ ಗಾಜಿನ ಜಾಡಿಗೆ ತುಂಬಿದಳು. ಏನೋ ಸಾಧಿಸಿದವಳಂತೆ ಅದರ ಕೊರಳಿಗೊಂದು ರಿಬ್ಬನ್ನನ್ನೂ ಕಟ್ಟಿದಳು.

ಮಂಗಳವಾರ, ಮೆಕ್ಕೆಜೋಳದ ರೊಟ್ಟಿಗೆ ಖೀಮಾ ತುಂಬಿ ಮಡಿಸಿದ ಟ್ಯಾಕೋ ತಿನ್ನಲು ಅತ್ತೆ ಆರ್ಡಿಸ್ ಎಂದಿನಂತೆ ಬಂದರು. ಒಂದು ತುತ್ತಿಗೇ ಅವರ ಮೂಗು ಕೆಂಪಾಯಿತು. ಕರ್ಸ್ಟನ್‌ಳ ಗಂಡ ಲೈಲ್ ಒಂದು ದೊಡ್ಡ ಲೋಟ ಹಾಲು ಬರಿದು ಮಾಡಿದ.

"ಚೆನ್ನಾಗಿಲ್ಲ ಅಂತಲ್ಲಮ್ಮ," ಎಂದರು ಆರ್ಡಿಸ್, "ಬೇರೆ ಥರ ಇದೆ."

ಅಮೆರಿಕದ ಈ ಮಿನೆಸೋಟಾದಲ್ಲಿ ಯಾರೂ ಇನ್ನೊಬ್ಬರ ಅಡುಗೆಯನ್ನು ಹಳಿಯುವುದಿಲ್ಲ, ಬೇರೆ ಥರ ಇದೆ ಎನ್ನುತ್ತಾರೆ. ಅದಕ್ಕಿಂತ ತಟ್ಟೆ ಎತ್ತಿ ಮುಖಕ್ಕೆ ಎಸೆದರೆ ವಾಸಿ.

ಮುಂದಿನ ವಾರ ಕರ್ಸ್ಟನ್ ಮೆಣಸಿನಕಾಯಿ ಬಿಟ್ಟಳು. ಆಗಲೂ ಬೇರೆ ಥರವೇ ಇತ್ತು. ಆಮೇಲೆ ಜೀರಿಗೆ ಇಳಿಸಿ ಉಪ್ಪು ಏರಿಸಿದಳು, ಸಕ್ಕರೆ ಸೇರಿಸಿದಳು. ಕೊನೆಗೆ ಹಲ್ಲು ಕಚ್ಚಿಕೊಂಡು ಕಾರ್ನ್‌ಫ್ಲೋರನ್ನೂ ಸುರಿದಳು.

ಆ ಮಂಗಳವಾರ ಆರ್ಡಿಸ್ ಮೂರನೆಯ ಟ್ಯಾಕೋಗೆ ಕೈ ಚಾಚಿದರು. "ಅಂತೂ ಬುದ್ಧಿ ಬಂತು ನಿಂಗೆ. ಪ್ಯಾಕೆಟ್ಟಿಂದೇ ಹಾಕಿದೀಯ. ಇಷ್ಟು ದಿನ ಸುಮ್ನೆ ಒದ್ದಾಡ್ದೆ."

ಕರ್ಸ್ಟನ್ ರಿಬ್ಬನ್ನಿನ ಜಾಡಿಯನ್ನು ತಂದು ಅತ್ತೆಯ ತಟ್ಟೆಯ ಪಕ್ಕದಲ್ಲೇ ಇಟ್ಟಳು.

"ನಿಮ್ಮ ನಾಲಿಗೆ ಕೆಟ್ಟಿದೆ ಅಂತಲ್ಲ ಅತ್ತೆ," ಎಂದಳು ನಯವಾಗಿ, "ಬೇರೆ ಥರ ಇದೆ."